ಕಾರಿನ ಎಸಿ ಗ್ಯಾಸನ್ನು ಮನೆಯಲ್ಲೇ ತೆಗೆದಿಡಬಹುದೇ? ಹಳೇ ಫ್ರಿಜ್ ಕಂಪ್ರೆಸರ್ ವಿಡಿಯೊದ ಅಸಲಿಯತ್ತು

ಬೇಸಿಗೆ ಶುರುವಾದರೆ ಫೋನಿಗೆ ಬರುವ ಫಾರ್ವರ್ಡ್‌ಗಳಲ್ಲಿ ಇದೂ ಒಂದು. ಗುಜರಿ ಅಂಗಡಿಯಿಂದ ಹಳೇ ಫ್ರಿಜ್‌ನ ಕಂಪ್ರೆಸರ್ ತಂದು, ಎರಡು ಪೈಪ್ ಜೋಡಿಸಿ, ಕಾರಿನ ಎಸಿ ಗ್ಯಾಸನ್ನು ಖಾಲಿ ಸಿಲಿಂಡರ್‌ಗೆ ಎಳೆದುಕೊಳ್ಳುವ ವಿಡಿಯೊ. ರಿಪೇರಿ ಮುಗಿದ ಮೇಲೆ ಅದೇ ಗ್ಯಾಸ್ ವಾಪಸ್ ತುಂಬಿ ದುಡ್ಡು ಉಳಿಸಿ ಎನ್ನುವುದು ಅದರ ಸಾರ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲೇ ಇರಲಿ, ಹತ್ತಿರದ ಗ್ಯಾರೇಜಿನಲ್ಲಿ ಗ್ಯಾಸ್ ರಿಕವರಿ ಯಂತ್ರ ಇಲ್ಲದಿದ್ದರೆ ಇಂಥ ಐಡಿಯಾ ಯಾರಿಗಾದರೂ ಆಸೆ ಹುಟ್ಟಿಸುತ್ತದೆ.

ಹಾಗಾದರೆ ವಿಡಿಯೊ ಸುಳ್ಳೇ? ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಫ್ರಿಜ್ ಕಂಪ್ರೆಸರ್ ಗ್ಯಾಸನ್ನು ಎಳೆಯುತ್ತದೆ, ಒತ್ತುತ್ತದೆ. ಆದರೆ ಆ ಗ್ಯಾಸ್ ಹೋಗಿ ಕೂರುವ ಸಿಲಿಂಡರ್ ಬಗ್ಗೆ ವಿಡಿಯೊ ಏನೂ ಹೇಳುವುದಿಲ್ಲ.

ಸಿಲಿಂಡರ್ ಒಳಗೆ ಏನಾಗುತ್ತದೆ?

ನಮ್ಮಲ್ಲಿ ಓಡಾಡುವ ಹೆಚ್ಚಿನ ಕಾರುಗಳ ಎಸಿಯಲ್ಲಿರುವುದು ಆರ್-134ಎ ಎಂಬ ಗ್ಯಾಸ್. ಇದು ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಆದ್ದರಿಂದ ಸಿಲಿಂಡರ್‌ನಲ್ಲಿ ದ್ರವವಾಗಿ ಇರಬೇಕಾದರೆ ಒತ್ತಡದಲ್ಲೇ ಇರಬೇಕು. 30 ಡಿಗ್ರಿ ಬಿಸಿಯಲ್ಲಿ ಆ ಒತ್ತಡ ಸುಮಾರು 97 ಪಿಎಸ್‌ಐ. ಕಾರಿನ ಟೈರಿಗೆ ನಾವು ಹಾಕಿಸುವುದು 33ರ ಆಸುಪಾಸು. ಏಪ್ರಿಲ್ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ಸಿಲಿಂಡರ್ ಇಟ್ಟು, ಅದು 60 ಡಿಗ್ರಿ ಮುಟ್ಟಿದರೆ ಒತ್ತಡ 225 ದಾಟುತ್ತದೆ.

ಇದು ಸಿಲಿಂಡರ್‌ನಲ್ಲಿ ಸ್ವಲ್ಪ ಜಾಗ ಖಾಲಿ ಇದ್ದಾಗಿನ ಲೆಕ್ಕ. ಪೂರ್ತಿ ತುಂಬಿಸಿದರೆ ಕಥೆಯೇ ಬೇರೆ. ಬಾಯಿತನಕ ನೀರು ತುಂಬಿ ಮುಚ್ಚಳ ಬಿಗಿದ ಗಾಜಿನ ಬಾಟಲಿ ಫ್ರೀಜರ್‌ನಲ್ಲಿ ಒಡೆದದ್ದನ್ನು ನೀವು ನೋಡಿರಬಹುದು. ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಜಾಗ ಸಿಗುವುದಿಲ್ಲ, ಬಾಟಲಿ ಸೋಲುತ್ತದೆ. ಆರ್-134ಎ ದ್ರವ ಬಿಸಿಗೆ ಹಿಗ್ಗುತ್ತದೆ; ಜಾಗವಿಲ್ಲದಿದ್ದರೆ ಕೆಲವೇ ಡಿಗ್ರಿ ಏರಿದರೂ ಉಕ್ಕಿನ ಸಿಲಿಂಡರ್ ಸಿಡಿಯಬಹುದು. ಅದಕ್ಕೇ ರಿಕವರಿ ಸಿಲಿಂಡರ್‌ಗಳನ್ನು ತೂಕದ ಯಂತ್ರದ ಮೇಲಿಟ್ಟು, 80 ಶೇಕಡಕ್ಕಿಂತ ಹೆಚ್ಚು ತುಂಬಿಸುವುದಿಲ್ಲ. ವಿಡಿಯೊದಲ್ಲಿ ತಕ್ಕಡಿಯೂ ಇಲ್ಲ, ಒತ್ತಡ ಮಿತಿಮೀರಿದರೆ ಕಂಪ್ರೆಸರ್ ತಾನೇ ನಿಲ್ಲುವ ಸ್ವಿಚ್ಚೂ ಇಲ್ಲ.

ಇನ್ನು ಸಿಲಿಂಡರ್ ಯಾವುದು? ಕೆಲವರು ಹಳೇ ಎಲ್‌ಪಿಜಿ ಸಿಲಿಂಡರ್, ಕೆಲವರು ಬೆಂಕಿ ಆರಿಸುವ ಸಿಲಿಂಡರ್, ಇನ್ನು ಕೆಲವರು ಗ್ಯಾಸ್ ಅಂಗಡಿಯಿಂದ ಬಂದ 13.6 ಕೆಜಿಯ ಖಾಲಿ ಡಬ್ಬ ಬಳಸುತ್ತಾರೆ. ಆ ಡಬ್ಬ ಒಂದು ಸಲ ಬಳಸಿ ಬಿಸಾಡಲು ಮಾಡಿದ್ದು, ಮತ್ತೆ ತುಂಬಿಸುವಂತಿಲ್ಲ. ಒಂದು ಗ್ಯಾಸಿನ ಸಿಲಿಂಡರ್‌ಗೆ ಅನುಮತಿ ಇಲ್ಲದೆ ಇನ್ನೊಂದು ಗ್ಯಾಸ್ ತುಂಬಿಸುವುದು ನಮ್ಮ ದೇಶದ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿಗೂ ವಿರುದ್ಧ.

ಬೆಂಕಿ ಹೊತ್ತದ ಗ್ಯಾಸ್ ಅಲ್ಲವೇ?

ಗಾಳಿಯಲ್ಲಿ ಆರ್-134ಎ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ನಿಜ. ಆದರೆ ಪೈಪಿನ ಜಾಯಿಂಟ್ ಸಡಿಲವಾಗಿ ಗಾಳಿ ಸೇರಿಕೊಂಡು, ಎರಡೂ ಒಟ್ಟಿಗೆ ಹೆಚ್ಚಿನ ಒತ್ತಡಕ್ಕೆ ಬಂದರೆ ಆ ಮಿಶ್ರಣ ಉರಿಯಬಲ್ಲದು. ಬೆಂಕಿ ತಾಕಿದರೆ ಅದು ಒಡೆದು ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲವಾಗುತ್ತದೆ. ಹಿಂದೆ ಯಾರಾದರೂ ಅಗ್ಗಕ್ಕೆಂದು ಉರಿಯುವ ಗ್ಯಾಸ್ ತುಂಬಿಸಿದ್ದರೆ ಅದು ನೋಡಿದರೆ ಗೊತ್ತಾಗುವುದಿಲ್ಲ, ಫ್ರಿಜ್ ಕಂಪ್ರೆಸರ್‌ನ ರಿಲೇಯ ಒಂದು ಕಿಡಿ ಸಾಕು. ಹೊಸ ಕೆಲವು ಕಾರುಗಳಲ್ಲಿರುವ ಆರ್-1234ವೈಎಫ್ ಅಂತೂ ತಾನೇ ಸ್ವಲ್ಪ ಉರಿಯುವ ಗುಣದ್ದು.

ಇಷ್ಟು ರಿಸ್ಕ್ ತೆಗೆದುಕೊಂಡು ಉಳಿಸಿದ ಗ್ಯಾಸಾದರೂ ಶುದ್ಧವೇ? ಅದರಲ್ಲಿ ಗಾಳಿ, ತೇವ, ಎರಡು ಬಗೆಯ ಕಂಪ್ರೆಸರ್ ಆಯಿಲ್ ಎಲ್ಲ ಬೆರೆತಿರುತ್ತದೆ. ಅದನ್ನೇ ವಾಪಸ್ ತುಂಬಿಸಿದರೆ ಕಾರಿನ ಕಂಪ್ರೆಸರ್‌ಗೇ ಕುತ್ತು.

ಹಾಗಾದರೆ ಪಿನ್ ಒತ್ತಿ ಬಿಟ್ಟುಬಿಡೋಣವೇ?

ಎಷ್ಟೋ ಕಡೆ ಮಾಡುವುದು ಅದನ್ನೇ. ವಾಲ್ವ್ ಪಿನ್ ಒತ್ತುತ್ತಾರೆ, ಬುಸ್ ಅಂತ ಸದ್ದು, ಎರಡು ನಿಮಿಷದಲ್ಲಿ ಖಾಲಿ. ಈ ಗ್ಯಾಸ್ ಓಜೋನ್ ಪದರಕ್ಕೆ ಹಾನಿ ಮಾಡುವುದಿಲ್ಲ ಎನ್ನುವ ಮಾತು ಸರಿಯೇ. ಆದರೆ 100 ವರ್ಷದ ಲೆಕ್ಕದಲ್ಲಿ ಇದರ ಒಂದು ಕೆಜಿ, 1430 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಚಿಕ್ಕ ಕಾರಿನ 400 ಗ್ರಾಂ ಗ್ಯಾಸ್ ಹೊರಗೆ ಬಿಟ್ಟರೆ ಸುಮಾರು 570 ಕೆಜಿ. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿನಲ್ಲಿ ಕೋಲಾರದಿಂದ ಬೆಂಗಳೂರಿಗೆ ಹತ್ತಿರ ಹತ್ತಿರ 25 ಸಲ ಹೋಗಿ ಬಂದಷ್ಟು ಹೊಗೆ, ಎರಡೇ ನಿಮಿಷದಲ್ಲಿ! ಇಂಥ ಗ್ಯಾಸುಗಳನ್ನು 2032ರಿಂದ ಹಂತ ಹಂತವಾಗಿ ಇಳಿಸುವ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿದೆ.

ಏನು ಮಾಡಬೇಕು?

ರಿಪೇರಿಗೆ ಮುಂಚೆ ಒಂದು ಫೋನ್ ಮಾಡಿ, 'ಗ್ಯಾಸ್ ರಿಕವರಿ ಯಂತ್ರ ಇದೆಯಾ?' ಎಂದು ಕೇಳಿ. ಇರುವ ಕಡೆಗೆ ಹತ್ತಿಪ್ಪತ್ತು ಕಿಲೋಮೀಟರ್ ಹೆಚ್ಚು ಹೋದರೂ ನಷ್ಟವಿಲ್ಲ. ಎಷ್ಟು ಗ್ರಾಂ ಹೊರಬಂತು, ಎಷ್ಟು ಗ್ರಾಂ ತುಂಬಿಸಿದರು ಕೇಳಿ ಬರೆದಿಟ್ಟುಕೊಳ್ಳಿ. ಎಷ್ಟು ಇರಬೇಕೆಂಬುದು ಸಾಮಾನ್ಯವಾಗಿ ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿರುತ್ತದೆ. ತುಂಬ ಕಡಿಮೆ ಬಂದಿದ್ದರೆ ಎಲ್ಲೋ ಲೀಕ್ ಇದೆ ಎಂದರ್ಥ, ಯಾಕೆಂದರೆ ಈ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. 'ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸಬೇಕು' ಎನ್ನುವುದೂ ಒಂದು ಫಾರ್ವರ್ಡೇ. ಮಾಲೂರಿನ ಇಟ್ಟಿಗೆ ಗೂಡುಗಳ ಕಡೆ ಓಡಾಡುವ ಕಾರಾದರೆ ಮೊದಲು ಕಂಡೆನ್ಸರ್ ಮತ್ತು ಕ್ಯಾಬಿನ್ ಫಿಲ್ಟರ್‌ನ ಧೂಳು ತೆಗೆಸಿ ನೋಡಿ. ಎಸಿ ತಣ್ಣಗಾಗದಿರಲು ಅದೇ ಕಾರಣವೂ ಇರಬಹುದು.

ಕೆಲಸದ ವೇಳೆ ದ್ರವ ಗ್ಯಾಸ್ ಮೈಗೆ ಸಿಡಿದರೆ ಆ ಜಾಗ ಹೆಪ್ಪುಗಟ್ಟಿ ಸುಟ್ಟಂತಾಗುತ್ತದೆ. ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ, ಉಗುರುಬೆಚ್ಚಗಿನ ನೀರು ಹಾಕಿ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ನೀರು ಹಾಯಿಸಿ, ತಡಮಾಡದೆ ತಾಲ್ಲೂಕು ಆಸ್ಪತ್ರೆಗೋ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೋ ಹೋಗಿ. ಈ ಗ್ಯಾಸ್ ಗಾಳಿಗಿಂತ ಭಾರ, ವಾಸನೆಯೂ ಹೆಚ್ಚುಕಡಿಮೆ ಇಲ್ಲ. ಗ್ಯಾರೇಜಿನ ಗುಂಡಿಯಲ್ಲಿ ನಿಂತು ಕೆಲಸ ಮಾಡುವವರಿಗೆ ತಲೆ ತಿರುಗಿದರೆ ಮೊದಲು ಮೇಲೆ ಬಂದು ಬಯಲಿಗೆ ಹೋಗಲಿ.