ಮಗನ ಸಾಲ, ಮನೆತನದ ಹೊಲ: ಲೋಕಾಪುರ ಸೀಮೆಯಲ್ಲಿ ತಂದೆಯ ಹೊಣೆ

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರ’ ವ್ಯಾಖ್ಯಾನವು, ಇಂದು ಮುಧೋಳ ತಾಲ್ಲೂಕಿಗೆ ಸೇರಿರುವ ಲೋಕಾಪುರದಂಥ ಊರುಗಳ ಒಕ್ಕಲು ಮನೆತನಗಳಲ್ಲಿ ತಂದೆಗೂ ವಯಸ್ಸಿಗೆ ಬಂದ ಮಗನಿಗೂ ನಡುವಿನ ಹಣದ ವ್ಯವಹಾರವನ್ನು ಶತಮಾನಗಳ ಕಾಲ ರೂಪಿಸಿತು. ಸಾಲದ ವಿಷಯದಲ್ಲಿ ಈ ಧರ್ಮಶಾಸ್ತ್ರ ತಂದೆಯ ಪರವಾಗಿಯೇ ಇತ್ತು. ಕುಡಿತಕ್ಕೂ ಜೂಜಿಗೂ ಮಾಡಿದ್ದನ್ನು ಹೊರತುಪಡಿಸಿ ತಂದೆಯ ಸಾಲವನ್ನು ಮಗ ತೀರಿಸಬೇಕಾಗಿತ್ತು. ಆದರೆ ಕುಟುಂಬದ ಅಗತ್ಯಕ್ಕಾಗಿ ಮಾಡಿದ್ದಲ್ಲದ ಮಗನ ಸಾಲಕ್ಕೆ ತಂದೆ ಹೊಣೆಯಾಗಿರಲಿಲ್ಲ.

ತೊಡಕು ಇದ್ದದ್ದು ಹೊಲದಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ, ಅಂದರೆ ತಂದೆ, ಅಜ್ಜ, ಮುತ್ತಜ್ಜರಿಂದ ಇಳಿದು ಬಂದ ಆಸ್ತಿಯಲ್ಲಿ, ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ವಿಜ್ಞಾನೇಶ್ವರ ವಾದಿಸಿದ್ದರಿಂದ, ಮಗ ಎಷ್ಟೇ ಉಡಾಳನಾದರೂ ಅವನ ಪಾಲನ್ನು ತಡೆಹಿಡಿಯುವ ಅಧಿಕಾರ ತಂದೆಗೆ ಇರಲಿಲ್ಲ. ಬ್ರಿಟಿಷರ ಕಾಲದಲ್ಲಿ ವಿಜಾಪುರ ಜಿಲ್ಲೆಯನ್ನು ಒಳಗೊಂಡಿದ್ದ ಮುಂಬಯಿ ಪ್ರಾಂತ್ಯದ ಹೈಕೋರ್ಟು, ಅವಿಭಕ್ತ ಕುಟುಂಬದ ಸದಸ್ಯನು ಪಾಲಾಗುವ ಮೊದಲೇ ತನ್ನ ಹಿಸ್ಸೆಯನ್ನು ಹಣಕ್ಕೆ ಮಾರಬಹುದೆಂದು 1873ರಲ್ಲಿ ಒಪ್ಪಿಕೊಂಡದ್ದು ಈ ತೊಡಕನ್ನು ಹೆಚ್ಚಿಸಿತು. ಏಕೆಂದರೆ ಸಾಲಗಾರ ಮಗನ ಹಿಸ್ಸೆ ಹೀಗೆ ನೇರವಾಗಿ ಸಾವುಕಾರನ ಕೈ ಸೇರಬಹುದಾಗಿತ್ತು. ಇದಕ್ಕೆ ಸಣ್ಣದೊಂದು ತಡೆ 1891ರ ಅಪ್ಪಾಜಿ ನರಹರ ಕುಲಕರ್ಣಿ ಪ್ರಕರಣದಲ್ಲಿ ಬಂದಿತು: ತಂದೆಯು ತನ್ನ ತಂದೆ ಅಥವಾ ಅಣ್ಣತಮ್ಮಂದಿರೊಂದಿಗೆ ಕೂಡಿರುವವರೆಗೆ, ಅವನ ಒಪ್ಪಿಗೆಯಿಲ್ಲದೆ ಮಗನು ಪಾಲು ಕೇಳುವಂತಿಲ್ಲವೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು.

ಆದ್ದರಿಂದ ತಂದೆಗೆ ಉಳಿದ ಗಟ್ಟಿ ಉಪಾಯವೆಂದರೆ ವಾಟಣಿ, ಅಂದರೆ ಆಸ್ತಿಯ ವಿಭಜನೆ. ಮಗನಿಗೆ ಪಾಲು ಕೊಟ್ಟು ಬೇರೆ ಇಟ್ಟು, ಉತಾರದಲ್ಲಿ (ಭೂದಾಖಲೆಯ ಪ್ರತಿಯಲ್ಲಿ) ಹೆಸರು ಬೇರ್ಪಡಿಸಿದ ಮೇಲೆ, ಅವನಿಗೆ ಹೊಸದಾಗಿ ಸಾಲ ಕೊಟ್ಟವರು ಉಳಿದ ಹೊಲದತ್ತ ಬರುವಂತಿರಲಿಲ್ಲ. ಇನ್ನು ಕೊಡುವುದಿಲ್ಲವೆಂದು ಹೇಳಬೇಕಾದರೆ ಮೊದಲು ಒಂದೇ ಸಲಕ್ಕೆ ಕೊಟ್ಟುಬಿಡಬೇಕಾಗಿದ್ದುದು ಈ ಪದ್ಧತಿಯ ವಿಚಿತ್ರ, ಮತ್ತು ದುಂದುಗಾರನ ಹೆಂಡತಿ ಮಕ್ಕಳ ಪಾಲಿಗೆ ಅದು ಕ್ರೂರವೂ ಆಗಿರಬಹುದಾಗಿತ್ತು. ಮಗನಿಗೂ ತಮಗೂ ಸಂಬಂಧವಿಲ್ಲವೆಂದು ಪತ್ರಿಕೆಗಳಲ್ಲಿ ಕೊಡುವ ಜಾಹೀರು ಪ್ರಕಟಣೆ ಸಾಲ ಕೊಡುವವರಿಗೆ ಎಚ್ಚರಿಕೆಯಾಗುತ್ತದೆಯೇ ಹೊರತು ಹುಟ್ಟಿನ ಹಕ್ಕನ್ನು ಅಳಿಸುವುದಿಲ್ಲ.

1956ರ ಕಾಯಿದೆಗಳು ಈ ಸ್ಥಿತಿಯನ್ನು ಬದಲಿಸಿದವು. ಹಿಂದೂ ಉತ್ತರಾಧಿಕಾರ ಕಾಯಿದೆಯು ಅವಿಭಕ್ತ ಆಸ್ತಿಯಲ್ಲಿನ ತನ್ನ ಹಿಸ್ಸೆಯನ್ನೂ ಮೃತ್ಯುಪತ್ರದ ಮೂಲಕ ಬೇಕಾದವರಿಗೆ ಬರೆದಿಡಲು ತಂದೆಗೆ ಅವಕಾಶ ಕೊಟ್ಟರೆ, ದತ್ತಕ ಮತ್ತು ಜೀವನಾಂಶ ಕಾಯಿದೆಯು ಗಂಡುಮಕ್ಕಳನ್ನು ಸಾಕುವ ಹೊಣೆಯನ್ನು ಅವರು ಪ್ರಾಪ್ತ ವಯಸ್ಕರಾಗುವವರೆಗೆ ಮಾತ್ರ ಹೊರಿಸಿತು. ತಂದೆಯ ಸಾಲ ತೀರಿಸುವ ಮಗನ ಧಾರ್ಮಿಕ ಋಣವನ್ನೂ 2005ರ ತಿದ್ದುಪಡಿ ಮುಂದಿನ ಸಾಲಗಳ ಮಟ್ಟಿಗೆ ತೆಗೆದುಹಾಕಿತು. ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ ಮರಳಿ ಪಡೆಯುವ ದಾರಿಯನ್ನು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯಿದೆ ತೆರೆಯಿತು. ಅಂಥ ಅರ್ಜಿಗಳನ್ನು ಕೇಳುವ ಉಪವಿಭಾಗಾಧಿಕಾರಿಯ ಕಚೇರಿ ಲೋಕಾಪುರದವರಿಗೆ ಜಮಖಂಡಿಯಲ್ಲಿದೆ.