ಯೂರೋಪಿನ ಕಾವ್ಯದಲ್ಲಿ ‘ಕ್ಲಾಸಿಕ್’–‘ರೊಮ್ಯಾಂಟಿಕ್’ ವಿವಾದ: ಲಕ್ಷ್ಯಲಕ್ಷಣಗಳ ದೃಷ್ಟಿಯಿಂದ ಒಂದು ವಿಚಾರ

ಯೂರೋಪಿನ ಕಾವ್ಯಚರಿತ್ರೆಯನ್ನು ಬೋಧಿಸುವವರು ಕವಿಗಳನ್ನು ಎರಡು ಪಂಕ್ತಿಗಳಲ್ಲಿ ಕುಳ್ಳಿರಿಸುವುದು ವಾಡಿಕೆಯಾಗಿದೆ. ಪ್ರಾಚೀನ ಗ್ರೀಕ್ ರೋಮನ್ ಕವಿಗಳನ್ನು ಆದರ್ಶವಾಗಿಟ್ಟುಕೊಂಡು ನಿಯಮಕ್ಕೆ ತಲೆಬಾಗಿದ ವಿವೇಕಪ್ರಧಾನರು ಕ್ಲಾಸಿಕ್ ಪಂಕ್ತಿಯವರು. ನಿಯಮವನ್ನು ತೊರೆದು ಭಾವವನ್ನೂ ಕಲ್ಪನೆಯನ್ನೂ ಹಿಂಬಾಲಿಸಿದವರು ರೊಮ್ಯಾಂಟಿಕ್ ಪಂಕ್ತಿಯವರು. ಈ ವಿಭಾಗವು ವಿದ್ಯಾರ್ಥಿಗಳ ಸ್ಮರಣೆಗೆ ಅನುಕೂಲವಾದುದೇ ಸರಿ. ಆದರೆ ಈ ಹೆಸರುಗಳು ಹುಟ್ಟಿದ ಬಗೆಯನ್ನೂ ಅವುಗಳ ಸುತ್ತ ನಡೆದ ವಾದಗಳನ್ನೂ ಕ್ರಮವಾಗಿ ಪರಿಶೀಲಿಸಿದರೆ, ವಿವಾದವು ನಿಯಮಕ್ಕೂ ಸ್ವಾತಂತ್ರ್ಯಕ್ಕೂ ನಡೆದುದೆಂದು ಹೇಳುವುದು ಸಾಧುವಾಗಿ ತೋರುವುದಿಲ್ಲ. ಯಾವ ಲಕ್ಷ್ಯವನ್ನು ನೋಡಿ ಲಕ್ಷಣವನ್ನು ಕಟ್ಟಬೇಕೆಂಬುದೇ ಅದರ ತಿರುಳು.

ಮೊದಲು ಶಬ್ದಗಳ ವಿಚಾರ. ಪ್ರಾಚೀನ ರೋಮಿನಲ್ಲಿ ಪ್ರಜೆಗಳನ್ನು ಆಸ್ತಿಯ ಪ್ರಮಾಣಕ್ಕೆ ತಕ್ಕಂತೆ ವರ್ಗಗಳಾಗಿ ಎಣಿಸುತ್ತಿದ್ದರು. ಮೊದಲನೆಯ ವರ್ಗದವರಿಗೆ ‘ಕ್ಲಾಸಿಕಿ’ ಎಂದು ಹೆಸರು. ಕ್ರಿ.ಶ. 2ನೆಯ ಶತಮಾನದ ಆಲಸ್ ಗೆಲಿಯಸ್ ಎಂಬ ವಿದ್ವಾಂಸನು ಈ ಶಬ್ದವನ್ನು ಗ್ರಂಥಕರ್ತರಿಗೆ ಅನ್ವಯಿಸಿ, ಪ್ರಮಾಣಯೋಗ್ಯನಾದ ಲೇಖಕನನ್ನು ಆ ಹೆಸರಿನಿಂದ ಕರೆದನು. ‘ರೊಮ್ಯಾಂಟಿಕ್’ ಶಬ್ದದ ಮೂಲವೂ ರೋಮೇ. ಲ್ಯಾಟಿನ್ನಿಂದ ಒಡೆದು ಬಂದ ಜನಭಾಷೆಗಳಿಗೆ ‘ರೋಮಾನ್ಸ್’ ಎಂದು ಹೆಸರಾಯಿತು. ಆ ಭಾಷೆಗಳಲ್ಲಿ ಬರೆದ ವೀರರ, ಪ್ರಣಯದ, ಅದ್ಭುತದ ಕಥೆಗಳಿಗೂ ಅದೇ ಹೆಸರು ನಿಂತಿತು. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ, ಅಂಥ ಕಥೆಗಳನ್ನು ಹೋಲುವ ಅಸಂಭಾವ್ಯವಾದುದೆಲ್ಲವೂ ‘ರೊಮ್ಯಾಂಟಿಕ್’ ಎನಿಸಿಕೊಂಡಿತು. ಒಂದು ಶಬ್ದ ರೋಮಿನ ಆಸ್ತಿಗಣನೆಯಿಂದ ಬಂದುದು. ಮತ್ತೊಂದು ರೋಮಿನ ಜನರ ಆಡುಮಾತಿನಿಂದ ಬಂದುದು. ಎರಡೂ ಒಂದೇ ಊರಿನ ಸಂತಾನ.

ಇನ್ನು ನಿಯಮಗಳ ವಿಚಾರ. ಕ್ರಿ.ಪೂ. 4ನೆಯ ಶತಮಾನದ ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯನ್ನು ಬರೆದಾಗ ಸಾಫೋಕ್ಲೀಸ್ ಮೊದಲಾದವರ ರುದ್ರನಾಟಕಗಳು ಅವನ ಕಣ್ಣ ಮುಂದಿದ್ದುವು. ವಸ್ತುವಿನಲ್ಲಿ ಕ್ರಿಯೈಕ್ಯ ಬೇಕೆಂದು ಅವನು ಒತ್ತಿ ಹೇಳಿದನು. ಕಾಲದ ವಿಷಯದಲ್ಲಿ, ರುದ್ರನಾಟಕವು ಸೂರ್ಯನ ಒಂದು ಪರಿಭ್ರಮಣದೊಳಗೆ ಮುಗಿಯಲು ಯತ್ನಿಸುತ್ತದೆಂದು ರೂಢಿಯನ್ನು ಗುರುತಿಸಿದನೇ ಹೊರತು ವಿಧಿಯನ್ನು ಮಾಡಲಿಲ್ಲ. ಸ್ಥಲೈಕ್ಯವನ್ನು ವಿಧಿಸುವ ಮಾತು ಅವನಲ್ಲಿಲ್ಲ. 1570ರಲ್ಲಿ ಇಟಲಿಯ ಕ್ಯಾಸ್ಟೆಲ್ವೆಟ್ರೋ ಬರೆದ ವ್ಯಾಖ್ಯಾನದಲ್ಲಿ ಕ್ರಿಯೆ, ಕಾಲ, ಸ್ಥಲ ಎಂಬ ಐಕ್ಯತ್ರಯವು ಕಟ್ಟಳೆಯ ರೂಪವನ್ನು ತಾಳಿತು. ಅನುವಾದವು ವಿಧಿಯಾಯಿತು, ವ್ಯಾಖ್ಯಾನವು ಸೂತ್ರದ ಸ್ಥಾನದಲ್ಲಿ ಕುಳಿತಿತು.

ಇದರ ಫಲವು ಫ್ರಾನ್ಸಿನಲ್ಲಿ ಕಾಣಿಸಿಕೊಂಡಿತು. ಕಾರ್ನೇಯ್ ಕವಿಯ ‘ಲ ಸಿದ್’ ನಾಟಕವನ್ನು ಪ್ಯಾರಿಸಿನ ಪ್ರೇಕ್ಷಕರು ಮೆಚ್ಚಿ ಕೊಂಡಾಡಿದರು. 1637ರಲ್ಲಿ ಪಂಡಿತರು ಅದನ್ನು ನಿಯಮಭಂಗವೆಂದು ದೂರಿದರು. 1635ರಲ್ಲಿ ಸ್ಥಾಪಿತವಾಗಿದ್ದ ಫ್ರೆಂಚ್ ಅಕಾಡೆಮಿಯು ಆ ನಾಟಕದ ಗುಣದೋಷಗಳನ್ನು ವಿಮರ್ಶಿಸಿ ತೀರ್ಪನ್ನು ಪ್ರಕಟಿಸಿತು. 1674ರಲ್ಲಿ ಬ್ವಾಲೋ ಕವಿ ತನ್ನ ಪದ್ಯಗ್ರಂಥದಲ್ಲಿ ಈ ನಿಯಮಗಳನ್ನು ಸುಭಾಷಿತಗಳಂತೆ ಸಂಗ್ರಹಿಸಿದನು. ಹಾಗೆಂದು ನಿಯಮವು ಪ್ರತಿಭೆಯನ್ನು ಕೊಂದಿತೆನ್ನುವುದಕ್ಕೆ ಅವಕಾಶವಿಲ್ಲ. ರಾಸೀನನ ಅತ್ಯುತ್ತಮ ರುದ್ರನಾಟಕಗಳು ಈ ಕಟ್ಟಿನೊಳಗೇ ಹುಟ್ಟಿದುವು. ಅವನಿಗೆ ಅದು ಬಂಧನವಾಗದೆ ಬಲವಾಯಿತು.

ಕಟ್ಟಳೆಯನ್ನು ಮೊದಲು ಪ್ರಶ್ನಿಸಿದವರು ಪ್ರಾಚೀನರನ್ನು ಬಲ್ಲ ಪಂಡಿತರೇ ಎಂಬುದು ಗಮನಾರ್ಹ. 1759ರಲ್ಲಿ ಜರ್ಮನಿಯ ಲೆಸಿಂಗನು, ಪ್ರಾಚೀನರ ಹೊರರೂಪಕ್ಕೆ ಕಾರ್ನೇಯ್ ಹತ್ತಿರವಿದ್ದರೂ ಅವರ ಸಾರಕ್ಕೆ ಷೇಕ್ಸ್‌ಪಿಯರನೇ ಹತ್ತಿರವೆಂದು ಪ್ರತಿಪಾದಿಸಿದನು. 1765ರಲ್ಲಿ ಇಂಗ್ಲೆಂಡಿನ ಜಾನ್ಸನ್ ಷೇಕ್ಸ್‌ಪಿಯರನ ನಾಟಕಗಳಿಗೆ ಬರೆದ ಪೀಠಿಕೆಯಲ್ಲಿ, ಪ್ರೇಕ್ಷಕನು ರಂಗವನ್ನು ರಂಗವೆಂದೇ ಬಲ್ಲನಾದುದರಿಂದ ಕಾಲಸ್ಥಲೈಕ್ಯಗಳು ಅನಾವಶ್ಯಕವೆಂದು ಸಾಧಿಸಿದನು. ಇಬ್ಬರನ್ನೂ ರೊಮ್ಯಾಂಟಿಕರೆಂದು ಯಾರೂ ಕರೆಯುವುದಿಲ್ಲ.

ಎರಡು ಹೆಸರುಗಳನ್ನು ಪ್ರತಿಪಕ್ಷಗಳಾಗಿ ನಿಲ್ಲಿಸಿದ ಕೀರ್ತಿ ಮುಖ್ಯವಾಗಿ ಜರ್ಮನಿಯ ಷ್ಲೇಗಲ್ ಸಹೋದರರದು. 1798ರಿಂದ 1800ರವರೆಗೆ ಅವರು ನಡೆಸಿದ ‘ಅಥೀನೇಯಮ್’ ಪತ್ರಿಕೆಯಲ್ಲಿ ಹೊಸ ಕಾವ್ಯದ ತತ್ತ್ವವು ಮೊಳೆಯಿತು. 1808ರಲ್ಲಿ ಅಣ್ಣನಾದ ಆಗಸ್ಟ್ ವಿಲ್ಹೆಲ್ಮನು ವಿಯೆನ್ನಾ ನಗರದಲ್ಲಿ ಮಾಡಿದ ನಾಟಕೋಪನ್ಯಾಸಗಳಲ್ಲಿ ಅದು ವ್ಯವಸ್ಥಿತವಾಯಿತು. ಅದೇ ವರ್ಷ ತಮ್ಮನಾದ ಫ್ರೀಡ್ರಿಕನು ಭಾರತೀಯರ ಭಾಷೆ ಮತ್ತು ಜ್ಞಾನವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಅಣ್ಣನು ಮುಂದೆ ಬಾನ್ ವಿಶ್ವವಿದ್ಯಾನಿಲಯದಲ್ಲಿ ಸಂಸ್ಕೃತವನ್ನು ಬೋಧಿಸಿ, 1823ರಲ್ಲಿ ಭಗವದ್ಗೀತೆಯನ್ನು ಲ್ಯಾಟಿನ್ ಅನುವಾದದೊಡನೆ ಮುದ್ರಿಸಿದನು.

ಆದುದರಿಂದ ಈ ವಿವಾದದ ನಡುವೆ ಕಾಳಿದಾಸನು ಪ್ರವೇಶಿಸಿದುದು ಆಕಸ್ಮಿಕವಲ್ಲ. ‘ಶಾಕುಂತಲ’ವನ್ನು 1789ರಲ್ಲಿ ಸರ್ ವಿಲಿಯಂ ಜೋನ್ಸ್ ಇಂಗ್ಲಿಷಿಗೂ, ಅದರಿಂದ 1791ರಲ್ಲಿ ಗಿಯೋರ್ಗ್ ಫಾರ್ಸ್ಟರ್ ಜರ್ಮನ್ನಿಗೂ ತಂದಿದ್ದರು. ವಿಯೆನ್ನಾ ಉಪನ್ಯಾಸಗಳಲ್ಲಿ ಷ್ಲೇಗಲನು ಈ ನಾಟಕವು ರೊಮ್ಯಾಂಟಿಕ್ ನಾಟಕವನ್ನು ಬಹಳವಾಗಿ ಹೋಲುತ್ತದೆಂದು ಆಶ್ಚರ್ಯಪಟ್ಟನು. ತಪೋವನದಿಂದ ಅರಮನೆಗೆ, ಅರಮನೆಯಿಂದ ಹೇಮಕೂಟಕ್ಕೆ ಸಾಗುವ, ಗರ್ಭಸ್ಥನಾಗಿದ್ದ ಮಗುವು ಸಿಂಹದ ಮರಿಯೊಡನೆ ಆಡುವಷ್ಟು ಕಾಲವನ್ನು ಒಳಗೊಂಡ ಈ ಕೃತಿಯು ಬ್ವಾಲೋವಿನ ನ್ಯಾಯಾಸ್ಥಾನದಲ್ಲಿ ನಿಶ್ಚಯವಾಗಿಯೂ ಅಪರಾಧಿ. ಆದರೆ ಭರತನ ನಾಟ್ಯಶಾಸ್ತ್ರವು ಒಂದು ದಿನದ ಮಿತಿಯನ್ನು ಅಂಕಕ್ಕೆ ಹೇಳುತ್ತದೆಯೇ ವಿನಾ ಇಡೀ ನಾಟಕಕ್ಕಲ್ಲ. ಸ್ಥಲಾಂತರವನ್ನು ಅದು ನಿಷೇಧಿಸುವುದಿಲ್ಲ. ಸಂಸ್ಕೃತ ಪರಂಪರೆಯು ಲಕ್ಷಣಕ್ಕೆ ಉದಾಹರಣೆಯಾಗಿ ಎತ್ತಿಹಿಡಿಯುವ ಕವಿಯೇ ಯೂರೋಪಿನಲ್ಲಿ ಲಕ್ಷಣೋಲ್ಲಂಘಕರ ಬಂಧುವಾಗಿ ಕಂಡನು. ಒಂದೇ ಕೃತಿಯು ಎರಡು ಪಂಕ್ತಿಗಳಿಗೂ ಸಲ್ಲುವುದಾದರೆ, ಪಂಕ್ತಿಭೇದವು ಕೃತಿಯಲ್ಲಿರದೆ ಅಳೆಯುವ ಕೋಲಿನಲ್ಲಿದೆಯೆಂದು ತಿಳಿಯಬೇಕಾಗುತ್ತದೆ.

ಫ್ರಾನ್ಸಿಗೆ ಈ ವಿಚಾರಗಳನ್ನು ಒಯ್ದವಳು ಮದಾಮ್ ದ ಸ್ತಾಲ್. ಜರ್ಮನಿಯನ್ನು ಕುರಿತ ಅವಳ ಗ್ರಂಥದ ಪ್ರತಿಗಳನ್ನು 1810ರಲ್ಲಿ ನೆಪೋಲಿಯನ್ನನ ಅಧಿಕಾರಿಗಳು ನಾಶಪಡಿಸಿದರು. 1813ರಲ್ಲಿ ಅದು ಲಂಡನ್ನಿನಲ್ಲಿ ಬೆಳಕು ಕಂಡಿತು. 1823ರಲ್ಲಿ ಸ್ತಾಂಧಾಲನು ವಾದವನ್ನು ಬೇರೊಂದು ದಿಕ್ಕಿಗೆ ತಿರುಗಿಸಿದನು. ಅವನ ಮತದಂತೆ, ತನ್ನ ಕಾಲದ ಜನಕ್ಕೆ ರುಚಿಸುವುದು ರೊಮ್ಯಾಂಟಿಕ್. ಅವರ ಮುತ್ತಾತಂದಿರಿಗೆ ರುಚಿಸಿದ್ದುದು ಕ್ಲಾಸಿಕ್. ಈ ಲೆಕ್ಕದಲ್ಲಿ ಸಾಫೋಕ್ಲೀಸನೂ ರಾಸೀನನೂ ತಮ್ಮ ಕಾಲದಲ್ಲಿ ರೊಮ್ಯಾಂಟಿಕರೇ ಆಗಿದ್ದರು. 1827ರಲ್ಲಿ ವಿಕ್ಟರ್ ಹ್ಯೂಗೋ ‘ಕ್ರಾಮ್ವೆಲ್’ ನಾಟಕದ ಮುನ್ನುಡಿಯಲ್ಲಿ ಕಾಲಸ್ಥಲೈಕ್ಯಗಳನ್ನು ಖಂಡಿಸಿದನು. 1830ರ ಫೆಬ್ರವರಿ 25ರಂದು ಪ್ಯಾರಿಸಿನಲ್ಲಿ ಅವನ ‘ಎರ್ನಾನಿ’ಯ ಪ್ರಥಮ ಪ್ರದರ್ಶನವಾದಾಗ ರಂಗಮಂದಿರವೇ ರಣರಂಗವಾಯಿತು. ಮೊದಲನೆಯ ಪಂಕ್ತಿಯ ಅನ್ವಯವು ಎರಡನೆಯದಕ್ಕೆ ಹರಿದುದೇ ಕೋಲಾಹಲಕ್ಕೆ ಕಾರಣವಾಯಿತೆಂದರೆ, ಛಂದಸ್ಸಿನ ಕಟ್ಟಳೆಯು ಅಲ್ಲಿ ಎಷ್ಟು ಬಿಗಿಯಾಗಿತ್ತೆಂಬುದನ್ನು ಊಹಿಸಬಹುದು.

ಇಂಗ್ಲೆಂಡಿನ ಸ್ಥಿತಿಯೇ ಬೇರೆ. 1798ರಲ್ಲಿ ‘ಲಿರಿಕಲ್ ಬ್ಯಾಲಡ್ಸ್’ ಸಂಗ್ರಹವನ್ನು ಹೊರತಂದ ವರ್ಡ್ಸ್‌ವರ್ತ್, ಕೋಲರಿಜ್ ಕವಿಗಳು ತಮ್ಮನ್ನು ರೊಮ್ಯಾಂಟಿಕರೆಂದು ಹೇಳಿಕೊಂಡವರಲ್ಲ. ಆ ಪಂಥನಾಮವು ಅವರಿಗೆ ಬಂದುದು ಮುಂದಿನ ಪೀಳಿಗೆಗಳ ಕಾಲದಲ್ಲಿ. ಬೈರನ್ ಕವಿ 1820ರಲ್ಲಿ ಗಯಟೆಗೆಂದು ಬರೆದ ಅರ್ಪಣಪತ್ರದಲ್ಲಿ, ತಾನು ಇಂಗ್ಲೆಂಡನ್ನು ಬಿಟ್ಟಾಗ ಇಂಥ ವರ್ಗೀಕರಣವು ಅಲ್ಲಿರಲಿಲ್ಲವೆಂದು ತಿಳಿಸಿದ್ದಾನೆ. ಯೂರೋಪಿನಾದ್ಯಂತ ರೊಮ್ಯಾಂಟಿಕರ ಮೂರ್ತಿಯೆಂದು ಪೂಜೆಗೊಂಡ ಈ ಕವಿಯೇ ಪೋಪ್ ಕವಿಯ ಪರವಾಗಿ ವಾದಕ್ಕೆ ನಿಂತು, 1821ರ ‘ಸಾರ್ಡನಪಾಲಸ್’ ನಾಟಕದಲ್ಲಿ ಐಕ್ಯತ್ರಯವನ್ನು ಪಾಲಿಸಲು ಯತ್ನಿಸಿದನು.

ವಿವಾದದ ಎರಡು ದಡಗಳನ್ನೂ ಮುಟ್ಟಿದವನು ಗಯಟೆ. ಯೌವನದಲ್ಲಿ 1773ರ ‘ಗೋಟ್ಸ್’ ನಾಟಕದಲ್ಲಿ ಐಕ್ಯಗಳನ್ನೆಲ್ಲ ಮುರಿದನು, ಇಟಲಿಯ ಪ್ರವಾಸಕಾಲದಲ್ಲಿ, 1787ರಲ್ಲಿ, ‘ಇಫಿಜೀನಿಯೆ’ಯನ್ನು ಪ್ರಶಾಂತವಾದ ಪದ್ಯರೂಪಕ್ಕೆ ತಂದನು, 1829ರಲ್ಲಿ ಎಕರ್‌ಮನ್ನನೊಡನೆ ಮಾತನಾಡುತ್ತ ಕ್ಲಾಸಿಕ್ಕನ್ನು ಆರೋಗ್ಯಕ್ಕೂ ರೊಮ್ಯಾಂಟಿಕ್ಕನ್ನು ರೋಗಕ್ಕೂ ಹೋಲಿಸಿದನು. ಈ ಕಟುವಾದ ಮಾತನ್ನು ಉದ್ಧರಿಸುವವರು ಅವನ ಕೃತಿಯ ಸಾಕ್ಷ್ಯವನ್ನೂ ಕೇಳಬೇಕು. ‘ಫೌಸ್ಟ್’ ಕಾವ್ಯದ ಎರಡನೆಯ ಭಾಗಕ್ಕೆ ಸೇರುವ ಹೆಲೆನಾ ಪ್ರಸಂಗವನ್ನು 1827ರಲ್ಲಿ ಪ್ರತ್ಯೇಕವಾಗಿ ಪ್ರಕಟಿಸಿದಾಗ, ಅದನ್ನು ಕ್ಲಾಸಿಕ್–ರೊಮ್ಯಾಂಟಿಕ್ ಎಂದು ಎರಡು ಹೆಸರುಗಳನ್ನೂ ಕೂಡಿಸಿ ಕರೆದನು. ಅಲ್ಲಿ ಗ್ರೀಸಿನ ಸುಂದರಿಯು ಉತ್ತರದೇಶದ ಪುರುಷನನ್ನು ಕೂಡುತ್ತಾಳೆ; ಅವನಿಂದ ಪ್ರಾಸದಲ್ಲಿ ನುಡಿಯುವುದನ್ನು ಕಲಿಯುತ್ತಾಳೆ. ಅವರ ಮಗ ಯೂಫೋರಿಯನ್ನನಲ್ಲಿ ಗಯಟೆ 1824ರಲ್ಲಿ ಮೃತನಾದ ಬೈರನ್ನನನ್ನು ಸ್ಮರಿಸಿದ್ದಾನೆ. ಮೇಲಕ್ಕೆ ಹಾರಲೆಳಸಿದ ಆ ಮಗನು ಬಿದ್ದು ಅಳಿಯುತ್ತಾನೆ. ಹೆಲೆನೆಯೂ ಮರೆಯಾಗಿ, ಅವಳ ಉಡುಪು ಮಾತ್ರ ಫೌಸ್ಟನ ಕೈಯಲ್ಲಿ ಉಳಿಯುತ್ತದೆ. ಸಮನ್ವಯದ ಆಶೆಯನ್ನೂ ಅದರ ಕಷ್ಟವನ್ನೂ ಒಟ್ಟಿಗೇ ತೋರಿದ ಈ ಪ್ರಸಂಗವು ವಾದಗ್ರಂಥಗಳಿಗಿಂತ ಹೆಚ್ಚನ್ನು ಹೇಳುತ್ತದೆ.

ಈ ಚರಿತ್ರೆಯು ಕನ್ನಡಕ್ಕೂ ದೂರವಾದುದಲ್ಲ. 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಗ್ರಂಥದ ಮೂಲಕ ಹೊಸ ಛಂದೋರೂಪಗಳನ್ನು ರೂಢಿಗೆ ತಂದ ಬಿ. ಎಂ. ಶ್ರೀಕಂಠಯ್ಯನವರೇ, ಸಾಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು ಆಧರಿಸಿ ಹಳಗನ್ನಡದಲ್ಲಿ ‘ಅಶ್ವತ್ಥಾಮನ್’ ರುದ್ರನಾಟಕವನ್ನು ರಚಿಸಿದರು. ಅವರನ್ನು ಯಾವ ಪಂಕ್ತಿಯಲ್ಲಿ ಕುಳ್ಳಿರಿಸಬೇಕು? ಲಕ್ಷ್ಯವನ್ನು ಅನುಸರಿಸಿ ಲಕ್ಷಣವೆಂಬುದು ಶಾಸ್ತ್ರಜ್ಞರ ಹಳೆಯ ಮಾತು. ಲಕ್ಷ್ಯವು ಬೆಳೆದಾಗ ಲಕ್ಷಣವೂ ಬೆಳೆಯದಿದ್ದರೆ ಕಲಹವು ಅನಿವಾರ್ಯ. ಕಲಹದಲ್ಲಿ ಹುಟ್ಟಿದ ಹೆಸರುಗಳನ್ನು ಕವಿಗಳಿಗೆ ಅಂಟಿಸಿ ನಿಲ್ಲುವ ಬೋಧನೆಯು ವಿದ್ಯಾರ್ಥಿಗೆ ಕಾವ್ಯದ ಬಾಗಿಲನ್ನು ತೋರಿಸಿ ಒಳಗೆ ಬಿಡದೆ ಹಿಂದಿರುಗಿಸಿದಂತಾಗುತ್ತದೆ. ಹೆಸರುಗಳು ಇರಲಿ, ಕೃತಿಯನ್ನು ಓದಿದ ಮೇಲೆ ಬರಲಿ.