ಭಾರತದ ಪೌರತ್ವಕ್ಕೆ ಅರ್ಜಿ: ವಕೀಲರನ್ನು ಕಾಣಬೇಕಾದ್ದು ಯಾವಾಗ, ಉಚಿತ ನೆರವು ಎಲ್ಲಿದೆ?

ಪೌರತ್ವ ಅಂದ ಕೂಡಲೇ ನಮ್ಮ ಚರ್ಚೆ ಸಿಎಎ, ಎನ್‌ಆರ್‌ಸಿ ಕಡೆಗೇ ಓಡುತ್ತದೆ. ಆದರೆ ವರ್ಷಗಟ್ಟಲೆ ಇಲ್ಲೇ ಬದುಕಿದ ವಿದೇಶಿಯರು ಭಾರತದ ಪ್ರಜೆಯಾಗಲು ಒಂದು ಮಾಮೂಲಿ ದಾರಿ 1955ರ ಪೌರತ್ವ ಕಾಯ್ದೆಯಲ್ಲೇ ಇದೆ. ಅದು ಸೆಕ್ಷನ್ 6, ಅಂದರೆ ದೇಶೀಕರಣ. ಅರ್ಜಿಯನ್ನು ಆನ್‌ಲೈನಲ್ಲೇ ತುಂಬಬಹುದು, ವಕೀಲರು ಕಡ್ಡಾಯವೇನಲ್ಲ.

ಆದರೂ ವಕೀಲರು ಬೇಕು, ಅದೂ ಅರ್ಜಿ ಹಾಕುವ ಮೊದಲೇ. ಯಾಕೆಂದರೆ ಸೆಕ್ಷನ್ 14ರ ಪ್ರಕಾರ ಅರ್ಜಿ ತಿರಸ್ಕರಿಸಿದರೆ ಸರ್ಕಾರ ಕಾರಣ ಹೇಳಬೇಕಿಲ್ಲ. ಆ ತೀರ್ಮಾನವನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಅಂತಲೂ ಅಲ್ಲೇ ಬರೆದಿದೆ. ಕೇಂದ್ರದ ಆದೇಶದ ವಿರುದ್ಧ 30 ದಿನದೊಳಗೆ ಕೇಂದ್ರಕ್ಕೇ ಮತ್ತೆ ಅರ್ಜಿ ಹಾಕಬಹುದು. ಹೈಕೋರ್ಟಿನ ರಿಟ್ ಅಧಿಕಾರ ಸಂವಿಧಾನ ಕೊಟ್ಟದ್ದು, ಅದನ್ನು ಕಾಯ್ದೆ ಕಿತ್ತುಕೊಳ್ಳಲಾಗದು ನಿಜ. ಆದರೆ ಕಾರಣವನ್ನೇ ಹೇಳದ ಆದೇಶದ ಮೇಲೆ ವಾದ ಕಟ್ಟುವುದು ಎಷ್ಟು ಕಷ್ಟ ಅಂತ ಯೋಚಿಸಿ.

ಒಳ್ಳೆಯ ವಕೀಲರು ಮೊದಲು ಕೇಳುವ ಪ್ರಶ್ನೆ: ನಿಮಗೆ ಈ ಅರ್ಜಿ ನಿಜವಾಗಿಯೂ ಬೇಕಾ? 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ವಿದೇಶಿಯರೇ ಆಗಿದ್ದರೂ, ಕೆಲವೇ ಅಪವಾದ ಬಿಟ್ಟರೆ ಹುಟ್ಟಿನಿಂದಲೇ ಪ್ರಜೆಗಳು. ಬೈಲಕುಪ್ಪೆ, ಮುಂಡಗೋಡದಂಥ ಟಿಬೆಟನ್ ನೆಲೆಗಳಲ್ಲಿ ಹುಟ್ಟಿದ ಒಂದು ಇಡೀ ತಲೆಮಾರಿಗೆ ಇದು ಅನ್ವಯ. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನೇ ಎತ್ತಿಹಿಡಿದವು.

ಎರಡನೆಯದು, ಯಾವ ಸೆಕ್ಷನ್? ಭಾರತೀಯರನ್ನು ಮದುವೆಯಾದವರಿಗೆ ಸೆಕ್ಷನ್ 5ರ ನೋಂದಣಿ ಇದೆ, 7 ವರ್ಷದ ವಾಸ ಸಾಕು. ದೇಶೀಕರಣಕ್ಕೆ ಬೇಕಾದ್ದು 12 ವರ್ಷ: ಅರ್ಜಿಗೆ ಮುಂಚಿನ 12 ತಿಂಗಳು ಸತತ, ಅದಕ್ಕೂ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷ. ಜೊತೆಗೆ ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆ ಗೊತ್ತಿರಬೇಕು. ಹಿಂದಿಯೇ ಆಗಬೇಕಿಲ್ಲ, ಕನ್ನಡ ಧಾರಾಳ ಸಾಕು. ಯಾರಾದರೂ ಬೇರೆ ಹೇಳಿದರೆ ಕಾಯ್ದೆ ತೋರಿಸಿ.

ನಿಜವಾದ ಕಂಟಕ ಇರುವುದು ವೀಸಾದಲ್ಲಿ. ಸರಿಯಾದ ದಾಖಲೆ ಇಲ್ಲದೆ ಬಂದವರು, ಅವಧಿ ಮೀರಿ ಉಳಿದವರು ಕಾಯ್ದೆಯ ಪ್ರಕಾರ ‘ಅಕ್ರಮ ವಲಸಿಗರು’. ಅವರಿಗೆ 5 ಮತ್ತು 6ನೇ ಸೆಕ್ಷನ್ ಎರಡರ ಬಾಗಿಲೂ ಮುಚ್ಚಿದೆ. ಸಿಎಎ ಇದರಿಂದ ವಿನಾಯಿತಿ ಕೊಟ್ಟದ್ದು 2014ರ ಡಿಸೆಂಬರ್ 31ರೊಳಗೆ ಮೂರು ದೇಶಗಳಿಂದ ಬಂದ ಆರು ಧರ್ಮದವರಿಗೆ ಮಾತ್ರ. ಶ್ರೀಲಂಕಾದ ತಮಿಳರು ಆ ಪಟ್ಟಿಯಲ್ಲಿಲ್ಲ. ಅದರ ರಾಜಕೀಯ ಏನೆಂದು ನಿಮಗೇ ಗೊತ್ತು. ಹಾಗಾಗಿ ಹಳೇ ಪಾಸ್‌ಪೋರ್ಟ್, ವೀಸಾ, ನಿವಾಸ ಪರವಾನಗಿ ಎಲ್ಲವನ್ನೂ ವಕೀಲರ ಮುಂದೆ ಹರವಿ, ಮಧ್ಯೆ ಎಲ್ಲಾದರೂ ತುಂಡಾಗಿದೆಯಾ ಅಂತ ತಿಂಗಳು ತಿಂಗಳು ಲೆಕ್ಕ ಹಾಕಿಸಬೇಕು.

ಇಂಥ ತುಂಡನ್ನು ಮುಚ್ಚಿಹಾಕಿ ಕೊಡುತ್ತೇವೆ ಅನ್ನುವ ಏಜೆಂಟರ ಹತ್ತಿರ ಮಾತ್ರ ಹೋಗಬೇಡಿ. ಸುಳ್ಳು ಮಾಹಿತಿಗೆ ಸೆಕ್ಷನ್ 17ರಡಿ 5 ವರ್ಷದವರೆಗೆ ಜೈಲು, ಅಥವಾ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅರ್ಜಿಯ ಮೇಲೆ ಇರುವುದು ನಿಮ್ಮ ಸಹಿ, ಏಜೆಂಟನದ್ದಲ್ಲ. ವಂಚನೆಯಿಂದ ಪಡೆದ ಪೌರತ್ವವನ್ನು ಆಮೇಲೆ ವಾಪಸ್ ಪಡೆಯಲೂಬಹುದು. ವಕೀಲರು ಹೌದೋ ಅಲ್ಲವೋ ಅನ್ನುವ ಅನುಮಾನವಿದ್ದರೆ ಬಾರ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ.

ದುಡ್ಡಿಲ್ಲದವರಿಗೆ? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 12 ಬಳಸಿರುವ ಪದ ‘ವ್ಯಕ್ತಿ’, ‘ಪ್ರಜೆ’ ಅಲ್ಲ. ಹೆಂಗಸರು, ಮಕ್ಕಳು, ಅಂಗವಿಕಲರಿಗೆ ಆದಾಯದ ಮಿತಿಯೂ ಇಲ್ಲ. ಕೋರ್ಟ್ ಕೇಸು ಮಾತ್ರವಲ್ಲ, ಇತರ ಪ್ರಾಧಿಕಾರಗಳ ಮುಂದಿನ ಕಾನೂನು ಪ್ರಕ್ರಿಯೆ, ಕಾನೂನು ಸಲಹೆ ಕೂಡ ‘ಕಾನೂನು ಸೇವೆ’ಯೇ. ಅಂದರೆ ಕನ್ನಡಿಗನನ್ನು ಮದುವೆಯಾಗಿ ಬಂದ ಶ್ರೀಲಂಕಾದ ಹೆಣ್ಣುಮಗಳೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಕೀಲರನ್ನು ಕೇಳಬಹುದು. ಈ ಕಚೇರಿ ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100. ‘ನೀವು ಇಲ್ಲಿಯವರಲ್ಲ’ ಅಂತ ಕಳಿಸಿದರೆ ಅರ್ಜಿಯನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಇನ್ನೊಂದು ವಿಷಯ. ಭಾರತ ದ್ವಿಪೌರತ್ವ ಒಪ್ಪುವುದಿಲ್ಲ, ಹಳೆಯ ಪೌರತ್ವ ಬಿಡಲೇಬೇಕು. ಆದರೆ ಅರ್ಜಿಯನ್ನು ಒಪ್ಪಿರುವುದಾಗಿ ಕೇಂದ್ರದಿಂದ ಪತ್ರ ಬರುವ ಮುಂಚೆಯೇ ಅವಸರಪಟ್ಟು ಬಿಟ್ಟರೆ, ಇತ್ತ ಅರ್ಜಿ ಬಿದ್ದಾಗ ಯಾವ ದೇಶದವರೂ ಅಲ್ಲದಂತಾಗುವ ಅಪಾಯವಿದೆ. ಯಾವಾಗ ಬಿಡಬೇಕು ಅನ್ನುವುದನ್ನು ವಕೀಲರನ್ನು ಕೇಳದೆ ತೀರ್ಮಾನಿಸಬೇಡಿ.